ವೆಸ್ಟಾವನ್ನು ತಾರಸಿಯಿಂದ ಹುಡುಕುವುದು ಹೇಗೆ

ಕ್ಷುದ್ರಗ್ರಹ ನೋಡಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ವೆಸ್ಟಾ ಹೆಸರನ್ನೇ. ಸೀರಿಸ್ ದೊಡ್ಡದಲ್ವಾ ಅಂತಾರೆ. ದೊಡ್ಡದೇ. ಅದರ ಅಡ್ಡಳತೆ ಸುಮಾರು 940 ಕಿ.ಮೀ., ವೆಸ್ಟಾದ್ದು 525. ಆದರೆ ಸೀರಿಸ್ ಇದ್ದಿಲಿನ ಹಾಗೆ ಕಪ್ಪು. ಮೇಲೆ ಬಿದ್ದ ಬೆಳಕಿನಲ್ಲಿ ಶೇ. 9ರಷ್ಟನ್ನು ಮಾತ್ರ ವಾಪಸ್ ಕಳಿಸುತ್ತದೆ. ವೆಸ್ಟಾ ಶೇ. 42ರಷ್ಟು ಕಳಿಸುತ್ತದೆ, ಜೊತೆಗೆ ನಮಗೆ ಹತ್ತಿರವೂ ಹೌದು.

ಒಂದು 10×50 ಬೈನಾಕ್ಯುಲರ್ ಇದ್ದರೆ ಸಾಕು. ನನ್ನದೂ ಅದೇ, ಹಳೆಯದು. ಅದನ್ನು ಕೈಗೆತ್ತಿಕೊಳ್ಳುವ ಮುಂಚೆ ಫೋನಿನ ಕ್ಯಾಲ್ಕುಲೇಟರ್ ತೆಗೆಯಿರಿ. ಸೂರ್ಯನಿಂದ ಭೂಮಿ ಇರುವ ದೂರವನ್ನು 1 ಅಂದುಕೊಂಡರೆ ವೆಸ್ಟಾದ ಸರಾಸರಿ ದೂರ 2.36. ಇದರ ಘನ ಮಾಡಿ, ಬಂದದ್ದಕ್ಕೆ ವರ್ಗಮೂಲ ತೆಗೆಯಿರಿ. 3.63 ಬರುತ್ತದೆ. ಸೂರ್ಯನನ್ನು ಒಂದು ಸುತ್ತು ಹಾಕಲು ಅದಕ್ಕೆ ಅಷ್ಟು ವರ್ಷ ಬೇಕು. ಕೆಪ್ಲರನ ಮೂರನೇ ನಿಯಮ ಇಷ್ಟೇ.

ಈಗ 3.63ರಲ್ಲಿ ಭೂಮಿಯ 1 ವರ್ಷವನ್ನು ಕಳೆಯಿರಿ, 2.63 ಉಳಿಯುತ್ತದೆ. 3.63ನ್ನು ಈ 2.63ರಿಂದ ಭಾಗಿಸಿ. 1.38 ವರ್ಷ, ಅಂದರೆ ಹೆಚ್ಚುಕಮ್ಮಿ ಹದಿನಾರೂವರೆ ತಿಂಗಳು. ಭೂಮಿ ವೆಸ್ಟಾವನ್ನು ಹಿಂದೆ ಹಾಕಿ ಹೋಗುವುದು ಇಷ್ಟಕ್ಕೊಮ್ಮೆ. ಆಗ ಅದು ಸೂರ್ಯನಿಗೆ ಎದುರಾಗಿ ರಾತ್ರಿಯಿಡೀ ಆಕಾಶದಲ್ಲಿರುತ್ತದೆ. 2025ರಲ್ಲಿ ಮೇ 2ಕ್ಕೆ ಹೀಗಾಯಿತು. ಮುಂದಿನದು 2026ರ ಅಕ್ಟೋಬರ್. ಲೆಕ್ಕಕ್ಕಿಂತ ಒಂದಷ್ಟು ದಿನ ಜಾಸ್ತಿ ಆಯಿತಲ್ವಾ? ಕಕ್ಷೆ ಪೂರ್ತಿ ದುಂಡಗಿಲ್ಲ, ಅದಕ್ಕೇ. ಸೂರ್ಯನ ಹತ್ತಿರ ಬಂದಾಗ 2.15, ದೂರ ಹೋದಾಗ 2.57. ಹತ್ತಿರ ಇರುವಾಗ ಎದುರಾದರೆ ಹಬ್ಬ. 2018ರ ಜೂನ್‌ನಲ್ಲಿ ಹೊಳಪು 5.3ಕ್ಕೆ ಬಂದಿತ್ತು. ಒಳ್ಳೆ ಕತ್ತಲಿದ್ದರೆ ಬರಿಗಣ್ಣಿಗೇ ಕಾಣುವಷ್ಟು. (ಅಂಕಿ ಕಮ್ಮಿಯಾದಷ್ಟೂ ಹೊಳಪು ಜಾಸ್ತಿ.)

ಎಲ್ಲಿ ಹುಡುಕಬೇಕು? ಕಕ್ಷೆಯ ಓರೆ 7 ಡಿಗ್ರಿ ಮಾತ್ರ. ಹಾಗಾಗಿ ಗ್ರಹಗಳು ಓಡಾಡುವ ದಾರಿಯ ಆಸುಪಾಸಿನಲ್ಲೇ ಇರುತ್ತದೆ. ಸ್ಟೆಲ್ಲೇರಿಯಂ ಆ್ಯಪಿನಲ್ಲಿ ಹೆಸರು ಹಾಕಿದರೆ ಜಾಗ ತೋರಿಸುತ್ತದೆ.

ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಬೈನಾಕ್ಯುಲರಿನಲ್ಲಿ ಎಲ್ಲವೂ ಚುಕ್ಕೆಗಳೇ, ಯಾವುದರ ಮೇಲೂ ಹೆಸರು ಬರೆದಿರುವುದಿಲ್ಲ. ಮೊಣಕೈಯನ್ನು ತಾರಸಿ ಗೋಡೆಗೆ ಊರಿ, ಕೈ ಅಲುಗದ ಹಾಗೆ ನೋಡಿ. ಆ ಜಾಗದ ಏಳೆಂಟು ಚುಕ್ಕೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಚೆನ್ನಾಗಿ ಬರೆಯಬೇಕಿಲ್ಲ, ದೂರ ಮತ್ತು ದಿಕ್ಕು ಸರಿಯಿದ್ದರಾಯಿತು. ಎರಡು ದಿನ ಬಿಟ್ಟು ಅದೇ ಹೊತ್ತಿಗೆ ಮತ್ತೆ ಬರೆಯಿರಿ. ಎದುರಾಗುವ ದಿನಗಳಲ್ಲಿ ವೆಸ್ಟಾ ದಿನಕ್ಕೆ ಸುಮಾರು ಕಾಲು ಡಿಗ್ರಿ, ಅಂದರೆ ಚಂದ್ರನ ಅರ್ಧ ಅಗಲದಷ್ಟು, ಪಶ್ಚಿಮಕ್ಕೆ ಸರಿಯುತ್ತದೆ. ಜಾಗ ಬಿಟ್ಟ ಚುಕ್ಕೆ ಯಾವುದೋ ಅದೇ ವೆಸ್ಟಾ. ಆ್ಯಪ್ ತೋರಿಸಿದ್ದನ್ನು ಸುಮ್ನೆ ನಂಬುವುದಕ್ಕಿಂತ ಇದರಲ್ಲಿ ಖುಷಿ ಜಾಸ್ತಿ.

ಟೆಲಿಸ್ಕೋಪ್ ಇದ್ದರೆ ಆಕಾರ ಕಾಣಬಹುದೇನೋ ಅಂತ ಆಸೆ ಬೇಡ. ಇಪ್ಪತ್ತು ಕೋಟಿ ಕಿ.ಮೀ. ದೂರದಲ್ಲಿ 525 ಕಿ.ಮೀ. ಏನೂ ಅಲ್ಲ. ಹತ್ತಿರದಿಂದ ನೋಡಿದ್ದು ನಾಸಾದ ಡಾನ್ ನೌಕೆ. 2011ರಿಂದ 2012ರವರೆಗೆ ಅದರ ಸುತ್ತಲೇ ಸುತ್ತಿತು. ದಕ್ಷಿಣ ತುದಿಯಲ್ಲಿ ರಿಯಾಸಿಲ್ವಿಯಾ ಅನ್ನುವ ಕುಳಿಯಿದೆ, ಅಗಲ ಸುಮಾರು 500 ಕಿ.ಮೀ. ಮೈಯಷ್ಟೇ ಅಗಲದ ಗಾಯ! ಅದರ ನಡುವೆ 20 ಕಿ.ಮೀ.ಗೂ ಎತ್ತರದ ಬೆಟ್ಟ. ಇಂಥ ಹೊಡೆತಗಳಿಗೆ ಸಿಡಿದ ಚೂರುಗಳು ಭೂಮಿಗೂ ಬಂದಿವೆ. 1996ರಲ್ಲಿ ರಾಜಸ್ಥಾನದ ಪಿಪ್ಲಿಯಾ ಕಲಾನ್‌ನಲ್ಲಿ ಬಿದ್ದ ಉಲ್ಕಾಶಿಲೆ ವೆಸ್ಟಾದಿಂದ ಬಂದದ್ದೆಂದು ವಿಜ್ಞಾನಿಗಳು ಎಣಿಸುವ ಜಾತಿಯದು. ತಾರಸಿಗೆ ಬರುವ ಮಕ್ಕಳಿಗೆ ಇದನ್ನು ಹೇಳಿದ ಮೇಲೆ ಬೈನಾಕ್ಯುಲರ್ ನನ್ನ ಕೈಗೆ ವಾಪಸ್ ಬರುವುದೇ ಇಲ್ಲ.

2026ರಲ್ಲಿ ಮಹಾಲಯ ಅಮಾವಾಸ್ಯೆಯ ಹೊತ್ತಿಗೇ ವೆಸ್ಟಾ ಎದುರಾಗುತ್ತದೆ, ಚಂದ್ರನ ಕಾಟ ಇಲ್ಲ. ಹಿಂಗಾರಿನ ಮೋಡ ಕವಿದರೆ ದೀಪಾವಳಿ ಅಮಾವಾಸ್ಯೆಗೆ ಇನ್ನೊಂದು ಅವಕಾಶ ಇದೆ, ಪಟಾಕಿ ಹೊಗೆ ಬಿಟ್ಟರೆ.