ಲಿಫ್ಟ್ ಮಾಡಿದ ಜಿಮ್ನಿ, ಜಿಪ್ಸಿಯ ಸ್ಟೇರಿಂಗ್ ನಡುಕ: ಎಲ್ಲಿಂದ ಹುಡುಕಬೇಕು?

ಲಿಫ್ಟ್ ಕಿಟ್ (ಗಾಡಿಯನ್ನು ಎತ್ತರಿಸುವ ಭಾಗಗಳು) ಹಾಕಿಸಿದ ಗಾಡಿಯ ಸ್ಟೇರಿಂಗ್ ಅದುರತೊಡಗಿದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು ‘ಡ್ಯಾಂಪರ್ ಹೋಗಿದೆ, ಹೆವಿ ಡ್ಯೂಟಿದು ಹಾಕೋಣ’. ಹಾಕಿದ ಮೇಲೆ ಸ್ವಲ್ಪ ದಿನ ಗಾಡಿ ಸುಮ್ಮನಿರುತ್ತದೆ, ಆಮೇಲೆ ಮೊದಲಿಗಿಂತ ಜೋರಾಗಿ ಶುರುವಾಗುತ್ತದೆ. ಡ್ಯಾಂಪರ್ ಎಂದರೆ ಸ್ಟೇರಿಂಗಿನ ಶಾಕ್ ಅಬ್ಸಾರ್ಬರ್. ಅದು ಇರುವುದು ಕಲ್ಲು, ಗುಂಡಿಯ ಏಟು ನೇರ ಕೈಗೆ ಬಡಿಯದಿರಲಿ ಎಂದು. ಸಡಿಲವಾದ ಜಾಯಿಂಟನ್ನು ಅದು ಮುಚ್ಚಿಡುತ್ತದೆ, ಅಷ್ಟೇ. ಆದ್ದರಿಂದ ಇಲ್ಲಿ ಡ್ಯಾಂಪರಿನ ಸರದಿ ಕೊನೆಗೆ.

ಮುಂದೆ ಹೇಳುವುದೆಲ್ಲ ಮುಂಭಾಗದಲ್ಲಿ ಇಡೀ ಹೌಸಿಂಗ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಕವಚ) ಇರುವ, ಅಂದರೆ ಸಾಲಿಡ್ ಆಕ್ಸಲ್ ಗಾಡಿಗಳಿಗೆ: ಕಾಯಿಲ್ ಸ್ಪ್ರಿಂಗಿನ ಮಾರುತಿ ಜಿಮ್ನಿ, ಲೀಫ್ ಸ್ಪ್ರಿಂಗಿನ ಜಿಪ್ಸಿ. 2020ರ ನಂತರದ ಥಾರ್‌ಗೆ ಮುಂದೆ ಚಕ್ರಗಳು ಬೇರೆಬೇರೆಯಾಗಿ ಆಡುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇದೆ. ಅದರ ಮುಂಭಾಗದಲ್ಲಿ ಕೆಳಗೆ ವಿವರಿಸುವ ಕಿಂಗ್‌ಪಿನ್ನೂ ಇಲ್ಲ, ಪ್ಯಾನ್‌ಹಾರ್ಡ್ ರಾಡೂ ಇಲ್ಲ, ಹುಡುಕುವ ದಾರಿಯೇ ಬೇರೆ.

ಯಾವ ಬಗೆಯ ನಡುಕ?

ಪಾನಾ ಕೈಗೆತ್ತಿಕೊಳ್ಳುವ ಮೊದಲು ನಡುಕ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಒಂದು ನಿರ್ದಿಷ್ಟ ವೇಗದಲ್ಲಿ, ಹೆಚ್ಚಾಗಿ 80ರಿಂದ 100 ಕಿ.ಮೀ. ನಡುವೆ, ಸಣ್ಣಗೆ ‘ಜುಂ’ ಎಂದು ಬಂದು ಇನ್ನೂ ವೇಗ ಹೋದರೆ ಮಾಯವಾಗುವುದು ಟೈರು, ರಿಮ್ಮಿನ ಬ್ಯಾಲೆನ್ಸ್ ತೊಂದರೆ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್, ಕ್ಯಾಲಿಪರ್ ನೋಡಿ. ಸ್ಟೇರಿಂಗ್ ಅದುರದೆ ಗಾಡಿ ಮಾತ್ರ ಅತ್ತಿತ್ತ ಎಳೆಯುತ್ತ, ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳದಿದ್ದರೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿದೆ.

ನಾಲ್ಕನೆಯದು ಅಪಾಯದ್ದು. 60–80ರಲ್ಲಿ ಹೋಗುವಾಗ ಸೇತುವೆಯ ಜಾಯಿಂಟೋ ಸಣ್ಣ ಗುಂಡಿಯೋ ತಗುಲಿದ ಕೂಡಲೇ ಇಡೀ ಮುಂಭಾಗ ಬಲಕ್ಕೂ ಎಡಕ್ಕೂ ಹೊಡೆದುಕೊಳ್ಳತೊಡಗುತ್ತದೆ. ಗುಂಡಿ ದಾಟಿದರೂ ನಿಲ್ಲುವುದಿಲ್ಲ, ವೇಗ ಚೆನ್ನಾಗಿ ಇಳಿದ ಮೇಲೇ ನಿಲ್ಲುತ್ತದೆ. ಇಂಗ್ಲಿಷ್ ಬಲ್ಲವರು ಡೆತ್ ವಾಬಲ್ ಎನ್ನುವುದು ಇದನ್ನೇ. ಅದು ಬಂದಾಗ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ನೇರಕ್ಕೆ ಹಿಡಿದು ಆಕ್ಸಿಲರೇಟರ್ ಬಿಡಿ, ಬ್ರೇಕನ್ನು ಹಂತ ಹಂತವಾಗಿ ಒತ್ತಿ. ಹೆಬ್ಬೆರಳು ಸ್ಟೇರಿಂಗಿನ ಕಡ್ಡಿಯ ಒಳಗೆ ಸಿಕ್ಕಿಸಿಕೊಳ್ಳಬೇಡಿ. ಕಾರಣ ಸಿಗುವವರೆಗೆ ಹೈವೇಗೆ ಹೋಗಬೇಡಿ.

ಮೊದಲು ತೊಳೆಯಿರಿ

ತಮಾಷೆಯಲ್ಲ. ಮಲೆನಾಡಿನ ಕೆಂಪು ಜೇಡಿ ರಿಮ್ಮಿನ ಒಳಮೈಗೆ ಒಂದೇ ಕಡೆ ಮೆತ್ತಿಕೊಂಡು ಒಣಗಿದರೆ ಯಾವ ಬ್ಯಾಲೆನ್ಸೂ ನಿಲ್ಲುವುದಿಲ್ಲ. ಹೊರಗಿನಿಂದ ನೋಡಿದರೆ ಚಕ್ರ ಥಳಥಳ ಹೊಳೆಯುತ್ತಿರುತ್ತದೆ. ಚಕ್ರ ಬಿಚ್ಚಿ, ಒಳಮೈಗೆ ಪ್ರೆಷರ್ ನೀರು ಹೊಡೆದು, ಬೆರಳಾಡಿಸಿ ನೋಡಿ. ಅಂಟಿಸಿದ ತೂಕದ ತುಂಡು ಉದುರಿದ್ದರೆ ಅಲ್ಲಿ ಅಂಟಿನ ಗುರುತು ಕಾಣುತ್ತದೆ.

ಆಮೇಲೆ ಗಾಳಿ. ಟ್ರೇಲಿಗೆ (ಕಾಡುಮೇಡಿನ ಓಟಕ್ಕೆ) 15–18 ಪಿಎಸ್‌ಐಗೆ ಇಳಿಸಿದ್ದನ್ನು ಮತ್ತೆ ತುಂಬಿಸಲು ಮರೆತು ಟಾರ್ ರಸ್ತೆಗೆ ಬಂದವರು ಬಹಳ. ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿರುವ ಅಂಕಿಯಿಂದ ಶುರುಮಾಡಿ, ನಾಲ್ಕೂ ಟೈರಿಗೆ ಒಂದೇ ಮೀಟರಿನಲ್ಲಿ ಅಳೆದು ತುಂಬಿಸಿ.

ನಟ್ಟುಗಳನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ: ಜಿಮ್ನಿಗೆ 100 ನ್ಯೂಟನ್ ಮೀಟರ್, ನಕ್ಷತ್ರದ ಕ್ರಮದಲ್ಲಿ. ಜಿಮ್ನಿಯ ರಿಮ್ಮಿನ ಪಿಸಿಡಿ (ನಟ್ಟಿನ ತೂತುಗಳ ಸಂಖ್ಯೆ ಮತ್ತು ಅವು ಕೂತ ವೃತ್ತದ ವ್ಯಾಸ) 5×139.7, ನಡುವಿನ ತೂತು 108 ಮಿ.ಮೀ. ಹೊರಗೆ ಕೊಂಡ ಅಲಾಯ್ ರಿಮ್ಮಿಗೆ ನಡುತೂತು ದೊಡ್ಡದಿದ್ದು ಸೆಂಟರಿಂಗ್ ರಿಂಗ್ ಇಲ್ಲದಿದ್ದರೆ ಚಕ್ರ ನಟ್ಟಿನ ಮೇಲೆ ಮಾತ್ರ ಕೂರುತ್ತದೆ. ಚಕ್ರ ನೆಲಕ್ಕೆ ತಾಗಿರುವಾಗ ನಟ್ಟು ಬಿಗಿದರೆ ಕೂದಲೆಳೆಯಷ್ಟು ಓರೆಯಾಗುವುದು ಹೀಗೆಯೇ. ಗಾಳಿಯಲ್ಲಿರುವಾಗ ಎಲ್ಲ ನಟ್ಟನ್ನೂ ಕೈಬಿಗಿ ಮಾಡಿ, ಇಳಿಸಿದ ಮೇಲೆ ಪೂರ್ತಿ ಬಿಗಿಯಿರಿ.

ಕಂಪನಿ ಟೈರು 195/80 ಆರ್15, ವ್ಯಾಸ ಸುಮಾರು 693 ಮಿ.ಮೀ. ಅದರ ಜಾಗಕ್ಕೆ 235/75 ಆರ್15 ಮಡ್ ಟೈರು ಬಂದರೆ ವ್ಯಾಸ 733ಕ್ಕೆ ಏರುತ್ತದೆ, ತೂಕವೂ ಏರುತ್ತದೆ. ಸ್ಪೇಸರ್ ಹಾಕಿ ಚಕ್ರವನ್ನು ಹೊರಗೆ ತಳ್ಳಿದರೆ ಪ್ರತಿ ಏಟಿಗೂ ಸ್ಟೇರಿಂಗ್ ಮೇಲೆ ಬೀಳುವ ಸನ್ನೆಯ ಬಲ ಇನ್ನೂ ಹೆಚ್ಚು. ಕಂಪನಿ ಟೈರಿನಲ್ಲಿ ಗೊತ್ತೇ ಆಗದ ಸಣ್ಣ ಸಡಿಲು ಈ ಟೈರಿನಲ್ಲಿ ಎದ್ದು ಕುಣಿಯುತ್ತದೆ.

ಟೈರೇ ಕಾರಣವೋ ಎಂದು ತಿಳಿಯಲು ಮುಂದಿನ ಜೋಡಿಯನ್ನು ಹಿಂದಕ್ಕೆ ಹಾಕಿ ಓಡಿಸಿ. ನಡುಕ ಕೈಯಿಂದ ಸೀಟಿಗೆ ಇಳಿದರೆ ಟೈರಿನದ್ದೇ. ಇದ್ದಲ್ಲೇ ಇದ್ದರೆ ಗಾಡಿಯ ಕೆಳಗೆ ಮಲಗುವ ಹೊತ್ತಾಯಿತು.

ಇಬ್ಬರು ಬೇಕಾದ ಪರೀಕ್ಷೆ

ಗಾಡಿ ಸಮತಟ್ಟಾದ ನೆಲದ ಮೇಲೆ, ನಾಲ್ಕೂ ಚಕ್ರ ನೆಲಕ್ಕೆ ತಾಗಿರಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಚಾಲೂ ಮಾಡಿ. ಒಬ್ಬರು ಸ್ಟೇರಿಂಗನ್ನು ಕಾಲು ಸುತ್ತಿನಷ್ಟು ಎಡಕ್ಕೂ ಬಲಕ್ಕೂ ಬಿಡದೆ ಆಡಿಸಬೇಕು, ಇನ್ನೊಬ್ಬರು ಕೆಳಗೆ ನೋಡಬೇಕು. ಕಣ್ಣಿಗಿಂತ ಬೆರಳನ್ನು ನಂಬಿ: ಪ್ರತಿ ಜಾಯಿಂಟಿನ ಎರಡೂ ಭಾಗಗಳಿಗೆ ಒಟ್ಟಿಗೆ ತಾಗುವಂತೆ ಬೆರಳಿಡಿ. ಎರಡೂ ಒಟ್ಟಿಗೆ ಸರಿದರೆ ಸರಿ. ಒಂದು ಮೊದಲು ಸರಿದು ಇನ್ನೊಂದು ಆಮೇಲೆ ‘ಟಕ್’ ಎಂದು ಹಿಂಬಾಲಿಸಿದರೆ ಅಲ್ಲಿ ಪ್ಲೇ, ಅಂದರೆ ಸಡಿಲು, ಇದೆ.

ಸ್ಟೇರಿಂಗ್ ಬಾಕ್ಸಿನಿಂದ ಶುರುಮಾಡಿ. ಬಾಕ್ಸನ್ನು ಚಾಸಿಗೆ ಹಿಡಿದ ಬೋಲ್ಟುಗಳು, ಪಿಟ್‌ಮನ್ ಆರ್ಮ್ (ಬಾಕ್ಸಿನಿಂದ ಹೊರಬರುವ ತೋಳು), ಡ್ರ್ಯಾಗ್ ಲಿಂಕಿನ (ಆ ತೋಳಿನಿಂದ ಚಕ್ರದ ಕಡೆಗೆ ಹೋಗುವ ರಾಡ್) ಎರಡು ತುದಿ, ಟೈರಾಡಿನ (ಎರಡೂ ಚಕ್ರಗಳನ್ನು ಜೋಡಿಸುವ ರಾಡ್) ಎರಡು ತುದಿ. ಪ್ಯಾನ್‌ಹಾರ್ಡ್ ರಾಡ್ ಬಳಿ ಬಂದಾಗ ಅವಸರ ಬೇಡ. ಹೌಸಿಂಗನ್ನು ಅಡ್ಡಡ್ಡ ಸರಿಯದಂತೆ ಚಾಸಿಗೆ ಕಟ್ಟಿಹಾಕುವ ರಾಡ್ ಅದು. ಕಾಯಿಲ್ ಸ್ಪ್ರಿಂಗ್ ಗಾಡಿಯಲ್ಲಿ ನಾಲ್ಕನೆಯ ಬಗೆಯ ನಡುಕಕ್ಕೆ ಮೊದಲು ಶಂಕಿಸಬೇಕಾದದ್ದು ಇದರ ಎರಡು ಬೋಲ್ಟುಗಳನ್ನೇ. ಸ್ಟೇರಿಂಗ್ ಆಡಿಸುವಾಗ ಬುಷ್ (ರಾಡಿನ ತುದಿಯ ರಬ್ಬರ್ ಬಳೆ) ಒಳಗಿನ ಸ್ಲೀವು ಬ್ರ್ಯಾಕೆಟಿನಲ್ಲಿ ಕಡ್ಡಿಯಷ್ಟು ದಪ್ಪ ಸರಿದರೂ ಸಾಕು, ವೇಗದಲ್ಲಿ ಅದೇ ಹೌಸಿಂಗ್ ಇಡೀ ಅಡ್ಡ ಆಡುವಷ್ಟಾಗುತ್ತದೆ. ಬೋಲ್ಟಿನ ಸುತ್ತ ಪೇಂಟ್ ಕೆರೆದು ಹೊಳೆಯುತ್ತಿದ್ದರೆ, ಇಲ್ಲವೇ ತುಕ್ಕಿನ ಕಂದು ಪುಡಿ ಕೂತಿದ್ದರೆ ಅಲ್ಲಿ ಚಲನೆ ಇದೆ ಎಂದೇ ತಿಳಿಯಿರಿ. ಬೋಲ್ಟ್ ತೆಗೆದು ತೂತು ನೋಡಿ. ಗುಂಡಗಿರಬೇಕಾದದ್ದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಸರಿಯಾದ ಅಳತೆಯ ದಪ್ಪ ವಾಷರ್ ವೆಲ್ಡ್ ಮಾಡಿಸಬೇಕು ಅಥವಾ ಬ್ರ್ಯಾಕೆಟ್ ಬದಲಿಸಬೇಕು.

ಲಿಫ್ಟ್ ಹಾಕುವಾಗ ಆಗುವ ಒಂದು ತಪ್ಪನ್ನು ಇಲ್ಲೇ ಹೇಳಿಬಿಡಬೇಕು. ಗಾಡಿ ಗ್ಯಾರೇಜಿನ ಹಾಯ್ಸ್ಟ್ ಮೇಲೆ ನೇತಾಡುತ್ತಿರುವಾಗಲೇ ಪ್ಯಾನ್‌ಹಾರ್ಡ್ ಮತ್ತು ಹೌಸಿಂಗಿನ ತೋಳುಗಳ ಬೋಲ್ಟನ್ನು ಪೂರ್ತಿ ಬಿಗಿದುಬಿಡುತ್ತಾರೆ. ರಬ್ಬರ್ ಬುಷ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದಾಗ ಅದು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಈ ಬೋಲ್ಟುಗಳನ್ನೆಲ್ಲ ಸಡಿಲಿಸಿ, ಗಾಡಿಯನ್ನು ಅದರ ಸ್ವಂತ ಭಾರದ ಮೇಲೆ ನಿಲ್ಲಿಸಿ, ಎರಡು ಸಲ ಕುಲುಕಿ, ಆಮೇಲೆ ಕೈಪಿಡಿಯ ಟಾರ್ಕಿಗೆ ಬಿಗಿಯಿರಿ.

ಜಾಕ್ ಮೇಲೆ

ಜಾಕನ್ನು ಹೌಸಿಂಗ್ ಕೆಳಗೆ ಕೊಟ್ಟು ಸ್ಟ್ಯಾಂಡ್ ಇಡಿ. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಒಳಕ್ಕೆ ತಳ್ಳಿ ಹೊರಕ್ಕೆ ಎಳೆಯಿರಿ. ಪ್ಲೇ ಇದ್ದರೆ ಅದು ವೀಲ್ ಬೇರಿಂಗಿನದ್ದೋ ಕಿಂಗ್‌ಪಿನ್ ಬೇರಿಂಗಿನದ್ದೋ ಆಗಿರುತ್ತದೆ. ಬೇರ್ಪಡಿಸಲು ಸುಲಭ ಉಪಾಯ: ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ಎಡಬಲ ಹಿಡಿದು ಆಡಿಸಿದಾಗ ಮಾತ್ರ ಪ್ಲೇ ಕಂಡರೆ ಟೈರಾಡ್ ಎಂಡ್.

ಚಕ್ರ ಮೇಲಿರುವಾಗಲೇ ಟೈರಿನ ಹತ್ತಿರ ಒಂದು ಚಾಕ್‌ಪೀಸ್ ಅಲುಗದಂತೆ ಹಿಡಿದು ನಿಧಾನ ತಿರುಗಿಸಿ. ಒಂದೇ ಕಡೆ 2 ಮಿ.ಮೀ.ಗಿಂತ ಹೆಚ್ಚು ಓಲಾಡಿದರೆ ರಿಮ್ ಬಾಗಿದೆ ಅಥವಾ ಟೈರ್ ಸರಿಯಾಗಿ ಕೂತಿಲ್ಲ.

ಸುಜುಕಿಯ ಹಳೆಯ ರೋಗ: ಕಿಂಗ್‌ಪಿನ್

ಜಿಪ್ಸಿಯಿಂದ ಜಿಮ್ನಿಯವರೆಗೆ ಈ ಗಾಡಿಗಳ ನಕಲ್ (ಚಕ್ರವನ್ನು ಹಿಡಿದು ಸ್ಟೇರಿಂಗ್ ಜೊತೆ ತಿರುಗುವ ಭಾಗ) ತಿರುಗುವುದು ಬಾಲ್ ಜಾಯಿಂಟಿನ ಮೇಲಲ್ಲ, ಮೇಲೊಂದು ಕೆಳಗೊಂದು ಇರುವ ಕಿಂಗ್‌ಪಿನ್ ಎಂಬ ಪಿನ್ನುಗಳ ಟೇಪರ್ ಬೇರಿಂಗುಗಳ ಮೇಲೆ. ಅವಕ್ಕೆ ಸದಾ ಸ್ವಲ್ಪ ಬಿಗುವು ಇರಬೇಕು. ಆ ಬಿಗುವೇ ನಡುಕಕ್ಕೆ ಬ್ರೇಕು. ಹಳ್ಳ ದಾಟುವಾಗ ಹರಿದ ಸೀಲಿನೊಳಗೆ ನೀರು ನುಗ್ಗಿದರೆ ಗ್ರೀಸ್ ಕಂದು ನೀರಾಗುತ್ತದೆ, ರೋಲರುಗಳು ನೇರ ಓಡುವ ಜಾಗದಲ್ಲೇ ರೇಸಿನ (ರೋಲರ್ ಉರುಳುವ ಬಳೆ) ಮೇಲೆ ಗುಣಿ ಕೊರೆಯುತ್ತವೆ, ಬಿಗುವು ಹೋಗುತ್ತದೆ. ಜಾಕ್ ಮೇಲೆ ಪ್ಲೇ ಕಾಣದೆಯೂ ಇದು ಆಗಿರಬಹುದು. ಅದಕ್ಕೇ ಈ ಭಾಗ ಬಹಳ ಸಲ ತಪ್ಪಿಸಿಕೊಳ್ಳುತ್ತದೆ.

ಟೈರಾಡನ್ನೂ ಡ್ರ್ಯಾಗ್ ಲಿಂಕನ್ನೂ ನಕಲ್‌ನಿಂದ ಬಿಡಿಸಿ, ನಕಲ್ ಒಂದನ್ನೇ ಕೈಯಲ್ಲಿ ತಿರುಗಿಸಿ. ಜೇನಿನಲ್ಲಿ ಕೈಯಾಡಿಸಿದ ಹಾಗೆ ಒಂದೇ ಸಮ ಬಿಗಿಯಾಗಿರಬೇಕು. ನಡುವೆ ಹಳ್ಳಕ್ಕೆ ಬಿದ್ದಂತೆ ‘ಕಟಕ್’ ಎಂದರೆ ರೇಸ್ ಹೋಗಿದೆ. ಬೆರಳಲ್ಲಿ ತಳ್ಳಿದರೆ ಬಾಗಿಲಿನಂತೆ ತೂಗಾಡಿದರೆ ಬಿಗುವು ಹೋಗಿದೆ. ಜಿಪ್ಸಿಯ ಜೊತೆಗಾರ, ವಿದೇಶದಲ್ಲಿ ಮಾರಾಟವಾದ ಸುಜುಕಿ ಸಮುರಾಯ್‌ಗೆ ಕಂಪನಿ ಕೈಪಿಡಿ ಕೊಡುವ ಅಳತೆ, ಆಯಿಲ್ ಸೀಲ್ ಬಿಚ್ಚಿದ ನಕಲ್ ತೋಳಿನ ತುದಿಯನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆದಾಗ 1.0ರಿಂದ 1.8 ಕೆ.ಜಿ.ಗೆ ಅದು ಚಲಿಸಲು ಶುರುಮಾಡಬೇಕು ಎಂಬುದು. ಜಿಮ್ನಿಗೆ ಅದರದೇ ಸರ್ವಿಸ್ ಕೈಪಿಡಿಯ ಅಂಕಿ ನೋಡಿ.

ಬದಲಿಸುವುದಾದರೆ ಎರಡೂ ಕಡೆ ಒಟ್ಟಿಗೆ: ನಾಲ್ಕು ಬೇರಿಂಗ್ ರೇಸ್ ಸಮೇತ, ಎರಡೂ ಕಡೆಯ ನಕಲ್ ಸೀಲ್ ಸೆಟ್, ಒಳಗಿನ ಆಕ್ಸಲ್ ಸೀಲ್. ಹಳೆ ರೇಸ್ ಉಳಿಸಿಕೊಂಡು ಹೊಸ ಬೇರಿಂಗ್ ಕೂರಿಸುವುದು ದುಡ್ಡು ದಂಡ. ಬಿಚ್ಚುವಾಗ ಮೇಲಿನ ಪಿನ್ನು, ಕೆಳಗಿನ ಪಿನ್ನು, ಎಡ, ಬಲ ಎಂದು ಗುರುತು ಹಾಕಿ, ಶಿಮ್ (ತೆಳು ತಗಡು) ಸಿಕ್ಕರೆ ಎಲ್ಲಿತ್ತೋ ಅಲ್ಲೇ ಇಡಿ.

ಕ್ಯಾಸ್ಟರ್

ಕಿಂಗ್‌ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನವೇ ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ವಾಲಿದ ಹಾಗೆ. ಜಿಮ್ನಿಯ ಹೌಸಿಂಗನ್ನು ಹಿಡಿದ ತೋಳುಗಳು ಚಾಸಿಯ ಒಂದು ಬಿಂದುವಿನ ಸುತ್ತ ತಿರುಗುತ್ತವೆ. ಚಾಸಿ ಮೇಲೇರಿದಾಗ ಹೌಸಿಂಗ್ ಮುಂದಕ್ಕೆ ಹೊರಳಿ ಕ್ಯಾಸ್ಟರ್ ಕಳೆದುಕೊಳ್ಳುತ್ತದೆ. ಎಷ್ಟು? ತೋಳಿನ ಉದ್ದ ಅಳೆಯಿರಿ. 700 ಮಿ.ಮೀ. ತೋಳಿಗೆ 50 ಮಿ.ಮೀ. ಲಿಫ್ಟ್ ಕೊಟ್ಟರೆ ಲೆಕ್ಕದಲ್ಲಿ ಸುಮಾರು 4 ಡಿಗ್ರಿ ಹೋಗುತ್ತದೆ.

ಅಲೈನ್‌ಮೆಂಟ್ ಅಂಗಡಿಯಲ್ಲಿ ‘ಈ ಗಾಡಿಗೆ ಕ್ಯಾಸ್ಟರ್ ಅಡ್ಜಸ್ಟ್‌ಮೆಂಟ್ ಇಲ್ಲ’ ಎನ್ನುತ್ತಾರೆ. ಮಾತು ನಿಜ. ಆದರೆ ಅಳತೆ ಕೊಡಬಲ್ಲರು, ಪ್ರಿಂಟ್ ಕೇಳಿ ಪಡೆಯಿರಿ. ಸರಿಮಾಡಲು ಕ್ಯಾಸ್ಟರ್ ಕರೆಕ್ಷನ್ ಬುಷ್, ತೋಳಿನ ಹಿಂತುದಿಯನ್ನು ಕೆಳಗಿಳಿಸುವ ಡ್ರಾಪ್ ಬ್ರ್ಯಾಕೆಟ್, ಇಲ್ಲವೇ ಕೋನ ತಿದ್ದಿದ ಹೊಸ ತೋಳು ಸಿಗುತ್ತವೆ. ಬುಷ್ ಆದರೆ ಬಾಣದ ಗುರುತು ಯಾವ ಕಡೆ ಇರಬೇಕೆಂದು ನೋಡಿಯೇ ಒತ್ತಿಸಿ. ತಿರುಗುಮುರುಗಾದರೆ ಇದ್ದ ಕ್ಯಾಸ್ಟರೂ ಹೋಗುತ್ತದೆ. ಹಾಗೆಂದು ಅತಿಯಾಗಿ ಕೊಡಲೂ ಬಾರದು: ಸ್ಟೇರಿಂಗ್ ಭಾರವಾಗುತ್ತದೆ, ಡಿಫರೆನ್ಷಿಯಲ್ ಮೂತಿ ಕೆಳಗಾಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. 2ಎಚ್‌ನಲ್ಲಿ (ಎರಡು ಚಕ್ರದ ಓಟ) ಇಲ್ಲದ ಕಂಪನ 4ಎಚ್‌ನಲ್ಲಿ (ನಾಲ್ಕು ಚಕ್ರದ ಓಟ) ಬಂದರೆ ಈ ಶಾಫ್ಟಿನ ಕಡೆ ನೋಡಿ.

ಜಿಪ್ಸಿಯ ಲೆಕ್ಕ ಬೇರೆ. ಮುಂದಿನ ಸ್ಪ್ರಿಂಗಿಗೆ ಉದ್ದ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಕಟ್ಟುವ ಕೊಂಡಿ) ಹಾಕಿ ಎತ್ತರಿಸಿದರೆ ಸ್ಪ್ರಿಂಗಿನ ಮುಂತುದಿ ಕೆಳಗಾಗಿ ಕ್ಯಾಸ್ಟರ್ ಹೋಗುತ್ತದೆ. ಪರಿಹಾರ ಸ್ಪ್ರಿಂಗಿಗೂ ಹೌಸಿಂಗಿಗೂ ನಡುವೆ ಓರೆ ವೆಜ್. ಕಂಪನಿಯಂತೆ ಸ್ಪ್ರಿಂಗ್ ಹೌಸಿಂಗಿನ ಕೆಳಗಿದ್ದರೆ ವೆಜ್ಜಿನ ದಪ್ಪ ಕಡೆ ಮುಂದಕ್ಕೆ, ಸ್ಪ್ರಿಂಗನ್ನು ಮೇಲಕ್ಕೆ ತಂದಿದ್ದರೆ ದಪ್ಪ ಕಡೆ ಹಿಂದಕ್ಕೆ. ಜೊತೆಗೆ ಯು ಬೋಲ್ಟ್, ಸೆಂಟರ್ ಬೋಲ್ಟ್, ಶ್ಯಾಕಲ್ ಬುಷ್ ನೋಡಿ. ಸೆಂಟರ್ ಬೋಲ್ಟ್ ತುಂಡಾಗಿದ್ದರೆ ಹೌಸಿಂಗ್ ಒಂದು ಕಡೆ ಹಿಂದೆ ಸರಿದಿರುತ್ತದೆ.

ಎರಡು ರಾಡಿನ ಕೋನ

ಜಿಮ್ನಿಯನ್ನು ಮುಂದಿನಿಂದ ನೋಡಿದಾಗ ಡ್ರ್ಯಾಗ್ ಲಿಂಕೂ ಪ್ಯಾನ್‌ಹಾರ್ಡ್ ರಾಡೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಒಂದನ್ನು ಮಾತ್ರ ಡ್ರಾಪ್ ಬ್ರ್ಯಾಕೆಟ್ಟಿನಿಂದ ತಿದ್ದಿ ಇನ್ನೊಂದನ್ನು ಹಾಗೇ ಬಿಟ್ಟರೆ ಪ್ರತಿ ಉಬ್ಬಿಗೂ ಸ್ಟೇರಿಂಗ್ ತಾನೇ ತಿರುಗುತ್ತದೆ. ಲಿಫ್ಟಿನಿಂದ ಹೌಸಿಂಗ್ ಕೆಲವು ಮಿಲಿಮೀಟರು ಪ್ಯಾನ್‌ಹಾರ್ಡ್ ಚಾಸಿಗೆ ಕಟ್ಟಿದ ಕಡೆಗೆ ಸರಿದಿರುತ್ತದೆ. ಅಡ್ಜಸ್ಟಬಲ್ ರಾಡ್ ಅದನ್ನು ನಡುವಿಗೆ ತರುತ್ತದೆ, ಲಾಕ್ ನಟ್ ಮರೆಯಬೇಡಿ. ಟೈರಾಡ್ ನಕಲ್‌ನಿಂದ ನಕಲ್‌ಗೆ ನೇರ ಇರುವುದರಿಂದ ಲಿಫ್ಟ್ ಒಂದರಿಂದಲೇ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೆಡುವುದಿಲ್ಲ. ಓರೆಯಾಗುವುದು ಸ್ಟೇರಿಂಗ್ ಚಕ್ರ. ಅದನ್ನು ಡ್ರ್ಯಾಗ್ ಲಿಂಕಿನಲ್ಲಿ ತಿದ್ದಬೇಕು, ಟೈರಾಡಿನಲ್ಲಲ್ಲ.

ಇನ್ನು ಡ್ಯಾಂಪರ್. ಬಿಚ್ಚಿ, ಕೈಯಲ್ಲಿ ಪೂರ್ತಿ ಎಳೆದು ಪೂರ್ತಿ ಒತ್ತಿ. ಎಣ್ಣೆ ಸೋರಿದ್ದರೆ, ನಡುವೆ ಎಲ್ಲಾದರೂ ತಡೆಯಿಲ್ಲದೆ ಜಾರಿದರೆ ಬದಲಿಸಿ. ಕಂಪನಿಯ ಡ್ಯಾಂಪರೇ ಸಾಕಾಗುವಷ್ಟು ಉಳಿದದ್ದೆಲ್ಲ ಸರಿಯಾಗಿರಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಓಡಿಸಿ ನೋಡಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ವಾಸಿಯಾಯಿತೆಂದು ತಿಳಿಯದೆ ಮುಂದಿನ ಸಲ ಮತ್ತೆ ಮೊದಲಿಂದ ಹುಡುಕಬೇಕಾಗುತ್ತದೆ. ಬೆಳಿಗ್ಗೆ ಬೇಗ, ಖಾಲಿ ರಸ್ತೆಯಲ್ಲಿ, 40ರಿಂದ ಹತ್ತತ್ತು ಕಿ.ಮೀ. ಏರಿಸುತ್ತ ಹೋಗಿ, ಚಿಕ್ಕ ಲಕ್ಷಣ ಕಂಡರೂ ಅಲ್ಲೇ ನಿಲ್ಲಿಸಿ. ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಬ್ರ್ಯಾಕೆಟಿನವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆದಿಡಿ. 100 ಕಿ.ಮೀ. ಆದ ಮೇಲೊಮ್ಮೆ, 500 ಆದ ಮೇಲೊಮ್ಮೆ ಟಾರ್ಚ್ ಬೆಳಕು ಬಿಟ್ಟು ನೋಡಿ. ಗೆರೆ ಮುರಿದಿದ್ದರೆ ಆ ಬೋಲ್ಟ್ ತಿರುಗಿದೆ.