ಗೇಟು ಮುಚ್ಚಿದರೂ ಡೋಸ್ ಬರಬೇಕು: ಮಹಾಮಾರಿ ಕಾಲದ ಲಸಿಕೆ ಖರೀದಿಗೊಂದು ಕೈಪಿಡಿ

ಸರ್ಕಾರದ ಪರವಾಗಿಯೋ ಆಸ್ಪತ್ರೆಯ ಪರವಾಗಿಯೋ ಲಸಿಕೆ ಕೊಳ್ಳಲು ಕೂತವರು ಸಾಮಾನ್ಯವಾಗಿ ಬೆಲೆಯಿಂದ ಮಾತು ಶುರುಮಾಡುತ್ತಾರೆ. ಮಹಾಮಾರಿ ಕಾಲದಲ್ಲಿ ಬೆಲೆಯ ಮಾತು ಕೊನೆಗಿರಲಿ. ಲಸಿಕೆ ಎಲ್ಲಿ ತಯಾರಾಗುತ್ತದೆ, ಎಲ್ಲಿ ವಯಲ್‌ಗೆ (ಔಷಧದ ಸಣ್ಣ ಸೀಸೆಗೆ) ತುಂಬುತ್ತಾರೆ, ಆ ಊರಲ್ಲಿ ಸೋಂಕು ಏರಿದ ದಿನ ಅಲ್ಲಿನ ಸರ್ಕಾರ ಏನು ಮಾಡಬಲ್ಲದು ಎಂಬುದು ಮೊದಲು ತಿಳಿಯಬೇಕು. ಮುಕ್ತ ವ್ಯಾಪಾರ ಸರಿಯೋ, ಸ್ವದೇಶದ ಹಿತ ಮೊದಲೋ ಎಂಬ ವಾದವನ್ನು ಟಿವಿಯವರಿಗೆ ಬಿಡಿ. ರಫ್ತು ನಿಂತೇ ನಿಲ್ಲುತ್ತದೆ ಎಂದುಕೊಂಡು ಕರಾರು ಬರೆಯುವುದೇ ಕೊಳ್ಳುವವರ ಕೆಲಸ.

ಮಾರುವ ದೇಶದ ಕಾನೂನು ನೋಡಿಕೊಳ್ಳಿ

ಭಾರತದಿಂದ ಕೊಳ್ಳುವವರು ಓದಬೇಕಾದದ್ದು 1992ರ ವಿದೇಶಿ ವ್ಯಾಪಾರ ಕಾಯ್ದೆ ಮತ್ತು ಅದರಡಿ ಡಿಜಿಎಫ್‌ಟಿ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ಹೊರಡಿಸುವ ಅಧಿಸೂಚನೆಗಳು. ಇವು ಹೊರಬಿದ್ದ ಕೂಡಲೇ ಜಾರಿಗೆ ಬರುತ್ತವೆ. 2020ರ ಮಾರ್ಚ್ 3ರಂದು ಪ್ಯಾರಾಸಿಟಮಾಲ್ ಸೇರಿ 26 ಔಷಧ ಮೂಲವಸ್ತು ಮತ್ತು ತಯಾರಿಕೆಗಳ ರಫ್ತಿಗೆ ಕಡಿವಾಣ ಬಿತ್ತು. ಅದೇ ತಿಂಗಳ 25ಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಸರದಿ. 2021ರ ಏಪ್ರಿಲ್ 11ರಂದು ರೆಮ್‌ಡೆಸಿವಿರ್ ರಫ್ತು ಪೂರ್ತಿ ನಿಂತಿತು.

ಆದರೆ ಅಧಿಸೂಚನೆಯನ್ನೇ ನಂಬಿ ಕೂತರೆ ಮೋಸ ಹೋಗುತ್ತೀರಿ. ಕೋವಿಡ್ ಲಸಿಕೆಯ ವಿಷಯದಲ್ಲಿ ಆದದ್ದೇ ಬೇರೆ. 2021ರ ಜನವರಿ 20ರಂದು ಭೂತಾನ್, ಮಾಲ್ಡೀವ್ಸ್‌ಗೆ ಡೋಸ್ ಕಳುಹಿಸಿ, ಹೊರದೇಶಗಳಿಗೆ ಲಸಿಕೆ ಕೊಡುವ ಭಾರತದ ‘ಲಸಿಕೆ ಮೈತ್ರಿ’ ಕಾರ್ಯಕ್ರಮ ಶುರುವಾಯಿತು. ಮಾರ್ಚ್ ಕೊನೆಯ ಹೊತ್ತಿಗೆ ಸಾಗಣೆ ನಿಂತಿತ್ತು. ನಿಷೇಧ ಹೇರಿಲ್ಲ ಎಂದೇ ವಿದೇಶಾಂಗ ಸಚಿವಾಲಯ ಹೇಳುತ್ತಿತ್ತು. ವಿಮಾನಕ್ಕೆ ಮಾತ್ರ ಪೆಟ್ಟಿಗೆ ಏರುತ್ತಿರಲಿಲ್ಲ. ದೊಡ್ಡ ಪ್ರಮಾಣದ ರಫ್ತು ಮತ್ತೆ ಚಾಲೂ ಆದದ್ದು ವರ್ಷದ ಕೊನೆಯ ತಿಂಗಳುಗಳಲ್ಲಿ. ಹಾಗಾಗಿ ಕರಾರಿನಲ್ಲಿ ‘ರಫ್ತು ನಿಷೇಧ’ ಎಂದಷ್ಟೇ ಬರೆದರೆ ಇಂಥ ಪರಿಸ್ಥಿತಿ ಅದರ ವ್ಯಾಖ್ಯೆಯೊಳಗೆ ಬರುವುದೇ ಇಲ್ಲ. ‘ಲಿಖಿತವಾಗಿಯೋ ಮೌಖಿಕವಾಗಿಯೋ ಸರ್ಕಾರದ ಯಾವುದೇ ಸೂಚನೆಯಿಂದಾದ ವಿಳಂಬ’ ಎಂದು ಬರೆಸಿ.

ಅಮೆರಿಕದ ಅಸ್ತ್ರ 1950ರ ಡಿಫೆನ್ಸ್ ಪ್ರೊಡಕ್ಷನ್ ಆ್ಯಕ್ಟ್. ಅದು ರಫ್ತು ನಿಷೇಧದ ಕಾನೂನಲ್ಲ. ಸರ್ಕಾರದ ಆರ್ಡರನ್ನು ಉಳಿದೆಲ್ಲ ಆರ್ಡರಿಗಿಂತ ಮುಂದಕ್ಕೆ ತಳ್ಳುವ ಕಾನೂನು. ಫಿಲ್ಟರ್, ಬಯೋರಿಯಾಕ್ಟರಿನ (ಕೋಶ ಬೆಳೆಸುವ ತೊಟ್ಟಿಯ) ಒಮ್ಮೆ ಬಳಸುವ ಚೀಲ, ಕೋಶ ಬೆಳೆಸುವ ದ್ರಾವಣ ಹೀಗೆಯೇ ಸಿಕ್ಕಿಬಿದ್ದವು. 2021ರ ಏಪ್ರಿಲ್ 16ರಂದು ಪುಣೆಯ ಲಸಿಕೆ ತಯಾರಕ ಸೀರಂ ಇನ್‌ಸ್ಟಿಟ್ಯೂಟಿನ ಮುಖ್ಯಸ್ಥ ಅದಾರ್ ಪೂನಾವಾಲಾ ಈ ಕಚ್ಚಾ ಸಾಮಗ್ರಿಯ ತಡೆ ತೆಗೆಯಿರಿ ಎಂದು ಅಮೆರಿಕದ ಅಧ್ಯಕ್ಷರನ್ನು ಟ್ವಿಟರ್‌ನಲ್ಲೇ ಕೇಳಿಕೊಳ್ಳಬೇಕಾಯಿತು. ಯುರೋಪಿಯನ್ ಒಕ್ಕೂಟ 2021ರ ಜನವರಿ ಕೊನೆಯಲ್ಲಿ ರಫ್ತಿಗೆ ಮುಂಚಿತ ಪರವಾನಗಿ ಕಡ್ಡಾಯ ಮಾಡಿತು. ಮಾರ್ಚ್‌ನಲ್ಲಿ, ಆಸ್ಟ್ರೇಲಿಯಾಕ್ಕೆ ಹೊರಟಿದ್ದ 2,50,700 ಆಸ್ಟ್ರಾಜೆನೆಕಾ ಡೋಸ್‌ಗಳನ್ನು ಇಟಲಿ ತಡೆದಿರುವುದು ಬಹಿರಂಗವಾಯಿತು. ಆದರೂ ಆ ಅಕ್ಟೋಬರ್ ಹೊತ್ತಿಗೆ ಒಕ್ಕೂಟದಿಂದ ಹೊರಹೋದ ಡೋಸ್ 100 ಕೋಟಿ ದಾಟಿತ್ತು. ಗದ್ದಲ ಎಬ್ಬಿಸಿದ ವ್ಯವಸ್ಥೆಗಿಂತ ಗದ್ದಲವಿಲ್ಲದೆ ನಡೆಯುವ ತಡೆಯೇ ಹೆಚ್ಚು ಕಾಡುತ್ತದೆ.

ವಿಶ್ವ ವ್ಯಾಪಾರ ಸಂಸ್ಥೆ (ಡಬ್ಲ್ಯುಟಿಒ) ಕಾಪಾಡೀತೇ?

ಇಲ್ಲ. ಸರಕು ವ್ಯಾಪಾರಕ್ಕೆ ಅದು ಅನುಸರಿಸುವ ಗ್ಯಾಟ್ ಒಪ್ಪಂದದ 11ನೇ ವಿಧಿ ರಫ್ತಿನ ಮೇಲೆ ಪ್ರಮಾಣ ಮಿತಿ ಹೇರಬಾರದು ಎನ್ನುತ್ತದೆ. ಅದೇ ವಿಧಿಯ 2(ಎ) ಭಾಗವು ಅತ್ಯಗತ್ಯ ವಸ್ತುವಿನ ತೀವ್ರ ಕೊರತೆ ಇದ್ದರೆ ತಾತ್ಕಾಲಿಕವಾಗಿ ಹೇರಬಹುದು ಎನ್ನುತ್ತದೆ. 20ನೇ ವಿಧಿಯ (ಬಿ) ಮತ್ತು (ಜೆ) ಇನ್ನೆರಡು ಬಾಗಿಲು ತೆರೆದಿಡುತ್ತವೆ: ಒಂದು ಜೀವ ಮತ್ತು ಆರೋಗ್ಯದ ರಕ್ಷಣೆ, ಇನ್ನೊಂದು ಪೂರೈಕೆಯ ಅಭಾವ. ದೂರು ಕೊಟ್ಟರೆ ಸಾಮಾನ್ಯವಾಗಿ 60 ದಿನ ಸಮಾಲೋಚನೆಗೇ ಹೋಗುತ್ತದೆ, ಪ್ಯಾನೆಲ್ ತೀರ್ಪಿಗೆ ವರ್ಷ ದಾಟುತ್ತದೆ, ಮೇಲ್ಮನವಿ ಸಂಸ್ಥೆ 2019ರ ಡಿಸೆಂಬರ್‌ನಿಂದ ಕೆಲಸ ನಿಲ್ಲಿಸಿದೆ. ಆರು ತಿಂಗಳೋ ಒಂಬತ್ತು ತಿಂಗಳೋ ಬಾಳುವ ಲಸಿಕೆಗೆ ಈ ದಾರಿ ಉಪಯೋಗವಿಲ್ಲ.

ಲಸಿಕೆಯ ಪೇಟೆಂಟ್ ಹಕ್ಕನ್ನು ತಾತ್ಕಾಲಿಕವಾಗಿ ಬದಿಗಿಡುವ ಡಬ್ಲ್ಯುಟಿಒ ವಿನಾಯಿತಿಯನ್ನೂ ಈ ಸಲದ ಖರೀದಿ ಯೋಜನೆಯಲ್ಲಿ ಸೇರಿಸಬೇಡಿ. ಭಾರತ ಮತ್ತು ದಕ್ಷಿಣ ಆಫ್ರಿಕಾ ಪ್ರಸ್ತಾವ ಇಟ್ಟದ್ದು 2020ರ ಅಕ್ಟೋಬರ್ 2ರಂದು, ತೀರಾ ಸಪೂರವಾದ ನಿರ್ಧಾರ ಹೊರಬಿದ್ದದ್ದು 2022ರ ಜೂನ್ 17ರಂದು.

ಎಲ್ಲೆಲ್ಲಿ ತಯಾರಾಗುತ್ತದೆ ಎಂಬ ನಕ್ಷೆ

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ಮೂಲ ಲಸಿಕಾ ದ್ರವ್ಯ ತಯಾರಾಗುವ ಘಟಕ, ವಯಲ್‌ಗೆ ತುಂಬಿ ಮುಚ್ಚುವ ಘಟಕ, ಬ್ಯಾಚ್ ಪರೀಕ್ಷಿಸಿ ಬಿಡುಗಡೆ ಮಾಡುವ ಪ್ರಯೋಗಾಲಯ, ಕಚ್ಚಾ ಸಾಮಗ್ರಿ ಬರುವ ದೇಶಗಳು. ಆಸ್ಟ್ರಾಜೆನೆಕಾದ ದ್ರವ್ಯ ನೆದರ್ಲೆಂಡ್ಸ್‌ನ ಲೈಡನ್‌ನಲ್ಲೂ ಬೆಲ್ಜಿಯಂನ ಸೆನೆಫ್‌ನಲ್ಲೂ ತಯಾರಾಗಿ, ಇಟಲಿಯ ಅನಾನ್ಯಿಯಲ್ಲಿ ವಯಲ್ ಸೇರುತ್ತಿತ್ತು. ಬ್ರಾಂಡ್ ಒಂದೇ, ದಾಟಬೇಕಾದ ಗಡಿ ಹಲವು. ಫೈಝರ್ ತನ್ನ ಲಸಿಕೆಗೆ 19 ದೇಶಗಳ 86 ಪೂರೈಕೆದಾರರಿಂದ 280 ಬಗೆಯ ಸಾಮಗ್ರಿ ಬೇಕು ಎಂದು ಹೇಳಿಕೊಂಡಿತ್ತು. ಒಂದು ಕಾಲಂನಲ್ಲಿ ಒಂದೇ ದೇಶದ ಹೆಸರಿದ್ದರೆ ಅದನ್ನು ಕೆಂಪು ಮಾಡಿ. ಎರಡನೇ ಪೂರೈಕೆದಾರನನ್ನು ಹುಡುಕುವಾಗ ಅವನ ಹಾಳೆಯಲ್ಲೂ ಅದೇ ದೇಶ ಕೆಂಪಾಗಿದ್ದರೆ ನಿಮಗೆ ಎರಡನೇ ಪೂರೈಕೆದಾರ ಸಿಕ್ಕಿಲ್ಲ ಎಂದೇ ಅರ್ಥ.

ಸಮಯವನ್ನೂ ಇದೇ ಹಾಳೆಯಲ್ಲಿ ಬರೆಯಿರಿ. ಕೋವ್ಯಾಕ್ಸಿನ್‌ನ ಒಂದು ಬ್ಯಾಚ್ ತಯಾರಾಗಿ, ಪರೀಕ್ಷೆ ಮುಗಿದು ಹೊರಬರಲು ಸುಮಾರು 120 ದಿನ ಬೇಕು ಎಂದು ಭಾರತ್ ಬಯೋಟೆಕ್ 2021ರ ಮೇನಲ್ಲಿ ತಿಳಿಸಿತ್ತು. ಇಂದು ಹೆಚ್ಚಿಸಿದ ಆರ್ಡರ್ ನಾಲ್ಕು ತಿಂಗಳ ಮೇಲೆ ಕೈಸೇರುತ್ತದೆ. ನಡುವೆ ಗೇಟು ಮುಚ್ಚಿದರೆ ನಿಮ್ಮ ಕೈಯಲ್ಲಿರುವುದು ಗೋದಾಮಿನಲ್ಲಿ ಇದ್ದಷ್ಟೇ.

ಎಷ್ಟು ಬೇಕು, ಎಷ್ಟು ತಡೆದಿಡಬೇಕು

ಲೆಕ್ಕ ಸರಳ. ಜನಸಂಖ್ಯೆಯನ್ನು ಡೋಸ್ ಸಂಖ್ಯೆಯಿಂದ ಗುಣಿಸಿ, ಅದನ್ನು ಪೋಲಿನ ಅಂಶದಿಂದ ಗುಣಿಸಿ. ಕೋವಿಡ್‌ಗೆ ಭಾರತ ಶೇ 10ರಷ್ಟು ಪೋಲು ಹಿಡಿದು 1.11ರ ಅಂಶ ಬಳಸಿತು. 1 ಕೋಟಿ ಜನಕ್ಕೆ ಎರಡು ಡೋಸ್ ಎಂದರೆ 2.22 ಕೋಟಿ ಡೋಸ್, 10 ಡೋಸಿನ ವಯಲ್ ಆದರೆ 22.2 ಲಕ್ಷ ವಯಲ್.

ಜನ ಎಡವುವುದು ಎರಡನೇ ಡೋಸಿನಲ್ಲಿ. ಬಾಂಗ್ಲಾದೇಶ ಸೀರಂ ಜತೆ 3 ಕೋಟಿ ಡೋಸಿಗೆ ಕರಾರು ಮಾಡಿಕೊಂಡಿತ್ತು, ತಿಂಗಳಿಗೆ 50 ಲಕ್ಷದಂತೆ. ಜನವರಿಯಲ್ಲಿ 50 ಲಕ್ಷ, ಫೆಬ್ರವರಿಯಲ್ಲಿ 20 ಲಕ್ಷ ಬಂದವು, ಆಮೇಲೆ ನಿಂತವು. ಭಾರತ ಉಡುಗೊರೆಯಾಗಿ ಕೊಟ್ಟದ್ದು ಬೇರೆ. ಬಂದದ್ದನ್ನು ಮೊದಲ ಡೋಸಿಗೆ ಧಾರಾಳವಾಗಿ ಬಳಸಿದ್ದರಿಂದ ಲಕ್ಷಾಂತರ ಮಂದಿ ಎರಡನೆಯದಕ್ಕೆ ತಿಂಗಳುಗಟ್ಟಲೆ ಕಾದರು. ಮಾರುವ ದೇಶದಲ್ಲಿ ಸೋಂಕು ಸತತ ಎರಡು ವಾರ ಏರಿದರೆ ಬಂದ ಪ್ರತಿ ಸರಕಿನ ಅರ್ಧ ತಡೆದಿಡಿ. ಮುಂದಿನ ಸರಕು ನಿಮ್ಮ ಕಸ್ಟಮ್ಸ್ ದಾಟಿದ ಮೇಲೆ ಬಿಡುಗಡೆ ಮಾಡಿ. ತಡೆದಿಟ್ಟರೆ ಮೊದಲ ಡೋಸ್ ಪಡೆಯುವವರ ಸಂಖ್ಯೆ ಇಳಿಯುತ್ತದೆ, ಅದು ನಿಜ. ವೈದ್ಯಕೀಯ ಪುರಾವೆ ಒಪ್ಪಿದರೆ ಬ್ರಿಟನ್ 2020ರ ಡಿಸೆಂಬರ್ ಕೊನೆಯಲ್ಲಿ ಮಾಡಿದಂತೆ ಎರಡು ಡೋಸಿನ ಅಂತರವನ್ನು 12 ವಾರಕ್ಕೆ ಎಳೆಯುವುದು ಇನ್ನೊಂದು ದಾರಿ. ಆದರೆ ಅದನ್ನು ಕೊರತೆ ಬಂದ ದಿನ ತರಾತುರಿಯಲ್ಲಿ ಘೋಷಿಸಿದರೆ ಜನ ನಂಬುವುದಿಲ್ಲ.

ಕರಾರಿನ ಮಾತುಗಳು

ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ಯುರೋಪಿಯನ್ ಕಮಿಷನ್ 2020ರ ಆಗಸ್ಟ್ 27ರಂದು ಆಸ್ಟ್ರಾಜೆನೆಕಾ ಜತೆ ಮಾಡಿಕೊಂಡ ಒಪ್ಪಂದ ಪಾಠಪುಸ್ತಕದಂತಿದೆ. ಕಂಪನಿ ಒಪ್ಪಿದ್ದು ‘ಸಾಧ್ಯವಿರುವ ಸಮಂಜಸ ಪ್ರಯತ್ನ’ ಮಾಡುತ್ತೇನೆ ಎಂದು. ಆರಂಭಿಕ ಡೋಸ್‌ಗಳ ಬಗ್ಗೆ ಹೇಳುವ 5.1ರಲ್ಲಿ ತಯಾರಿಕೆ ‘ಒಕ್ಕೂಟದೊಳಗೆ’ ಎಂದಿತ್ತು, 5.4ರಲ್ಲಿ ಆ ಉಪವಿಧಿಯ ಮಟ್ಟಿಗೆ ಮಾತ್ರ ಬ್ರಿಟನ್ ಕೂಡ ಸೇರುತ್ತದೆ ಎಂದಿತ್ತು. ಮೊದಲ ತ್ರೈಮಾಸಿಕದ ಪೂರೈಕೆ ನಿರೀಕ್ಷೆಯ ಅರ್ಧಕ್ಕಿಂತ ಕೆಳಗಿಳಿದಾಗ ಬ್ರಿಟನ್ ಘಟಕಗಳ ಡೋಸ್ ತನಗೂ ಬರಬೇಕೆಂದು ಒಕ್ಕೂಟ, ಬ್ರಿಟನ್‌ಗೇ ಮೊದಲು ಎಂದು ಕಂಪನಿ. ಬ್ರಸೆಲ್ಸ್ ಕೋರ್ಟು 2021ರ ಜೂನ್ 18ರಂದು ಆದೇಶ ಕೊಟ್ಟಿತು, ಸೆಪ್ಟೆಂಬರ್ 3ರಂದು ರಾಜಿಯಾಯಿತು. ಆ ಹೊತ್ತಿಗೆ ಬೇರೆ ಲಸಿಕೆಗಳು ಧಾರಾಳವಾಗಿ ಬಂದಿದ್ದವು.

ಆದ್ದರಿಂದ ಘಟಕಗಳನ್ನು ಊರಿನ ಹೆಸರು ಹಿಡಿದು ಬರೆಸಿ. ಒಂದು ನಿಂತರೆ ಇನ್ನೊಂದರಿಂದ ಕೊಡುವ ಬಾಧ್ಯತೆ ಇರಲಿ. ‘ಪ್ರಯತ್ನ’ ಎಂಬ ಪದ ತಪ್ಪದು ಎಂದಾದರೆ ಅದರ ವ್ಯಾಖ್ಯೆಯೊಳಗೆ ಸಂಖ್ಯೆ ಹಾಕಿಸಿ: ಆ ಘಟಕದ ತಿಂಗಳ ಉತ್ಪಾದನೆಯಲ್ಲಿ ನಮ್ಮ ಪಾಲು ಇಷ್ಟು ಶೇಕಡ, ಉತ್ಪಾದನೆ ಕುಸಿದರೆ ಎಲ್ಲ ಗ್ರಾಹಕರಿಗೂ ಅದೇ ಅನುಪಾತದಲ್ಲಿ ಕಡಿತ. ಬೇರೆ ಯಾವ ಗ್ರಾಹಕನಿಗೂ ಮೊದಲ ಸರದಿ ಕೊಟ್ಟಿಲ್ಲ ಎಂಬ ಘೋಷಣೆ ಬೇಕು. ಕೊಟ್ಟಿದ್ದರೆ ಯಾರಿಗೆ, ಎಷ್ಟರವರೆಗೆ ಎಂಬ ವಿವರ ಬೇಕು. ವಾರಕ್ಕೊಮ್ಮೆ ಬ್ಯಾಚ್ ಪಟ್ಟಿ ನಿಮ್ಮ ಮೇಜಿಗೆ ಬರಬೇಕು.

ಅನಿವಾರ್ಯ ಸಂದರ್ಭದ ವಿಧಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ. ಸಿದ್ಧ ಕರಡಿನಲ್ಲಿ ಪ್ರವಾಹ, ಯುದ್ಧದ ಪಕ್ಕದಲ್ಲೇ ‘ಸರ್ಕಾರದ ಕ್ರಮ’ ಎಂಬ ಎರಡು ಪದ ಇರುತ್ತವೆ. ಅವು ಹಾಗೇ ಉಳಿದರೆ ರಫ್ತು ತಡೆ ಬಿದ್ದ ದಿನವೇ ಮಾರಾಟಗಾರ ಕೈ ತೊಳೆದುಕೊಳ್ಳಬಹುದು. ಪದಗಳನ್ನು ತೆಗೆಸಲು ಅವರು ಒಪ್ಪುವುದಿಲ್ಲ. ಬದಲಿಗೆ ಮೂರು ಷರತ್ತು ಸೇರಿಸಿ. ತಡೆ ಬಿದ್ದರೆ ಬಾಧ್ಯತೆ ಅಮಾನತಾಗುತ್ತದೆ, ರದ್ದಾಗುವುದಿಲ್ಲ. 30 ದಿನ ಮೀರಿದರೆ ಮುಂಗಡ ವಾಪಸ್ ಕೇಳುವ ಹಕ್ಕು ನಮ್ಮದು. ತಡೆ ತೆರವಾದಾಗ ಹಳೆಯ ಸರದಿ ನಮ್ಮದೇ. ನೇಪಾಳ 20 ಲಕ್ಷ ಡೋಸಿಗೆ ಕರಾರು ಮಾಡಿ, ಬಹುಪಾಲು ಹಣವನ್ನು ಮುಂಚೆಯೇ ಕೊಟ್ಟು, 10 ಲಕ್ಷ ಮಾತ್ರ ಪಡೆದು, ಉಳಿದರ್ಧಕ್ಕೆ ತಿಂಗಳುಗಟ್ಟಲೆ ಕಾಯಿತು. ಮುಂಗಡವನ್ನು ಬ್ಯಾಂಕ್ ಗ್ಯಾರಂಟಿ ಇಲ್ಲದೆ ಕೊಡಬೇಡಿ, ಅಥವಾ ಎಸ್ಕ್ರೋ ಖಾತೆಯಲ್ಲಿಟ್ಟು (ಷರತ್ತು ಪೂರೈಸುವವರೆಗೆ ಮೂರನೆಯವರು ಹಣ ಕಾಯ್ದಿಡುವ ಖಾತೆ) ಸರಕು ವಿಮಾನ ಏರಿದ ಮೇಲೆ ಬಿಡುಗಡೆ ಮಾಡಿ.

ಮಾರಾಟಗಾರ ನಿಮ್ಮ ಮೇಲೆ ಹೇರುವ ಷರತ್ತುಗಳೂ ಇವೆ. ಜಾನ್ಸನ್ ಅಂಡ್ ಜಾನ್ಸನ್ ಜತೆಗಿನ ಕರಾರಿನಲ್ಲಿ ದಕ್ಷಿಣ ಆಫ್ರಿಕಾ ರಫ್ತು ತಡೆಯುವ ತನ್ನ ಹಕ್ಕನ್ನೇ ಬಿಟ್ಟುಕೊಟ್ಟಿತ್ತು. ಅಲ್ಲಿನ ಆಸ್ಪೆನ್ ಘಟಕದಲ್ಲಿ ತುಂಬಿದ ಡೋಸ್‌ಗಳು 2021ರಲ್ಲಿ ಯುರೋಪಿಗೆ ಹೊರಟಾಗಲೇ ಅದು ಜನಕ್ಕೆ ಗೊತ್ತಾದದ್ದು. ಕಾನೂನು ಹೊಣೆಯಿಂದ ರಕ್ಷಣೆ ಕೊಡಿ ಎಂಬ ಬೇಡಿಕೆಯೂ ಬರುತ್ತದೆ. ಮಾಡೆರ್ನಾಗೆ ಭಾರತದಲ್ಲಿ 2021ರ ಜೂನ್‌ನಲ್ಲೇ ತುರ್ತು ಅನುಮತಿ ಸಿಕ್ಕಿದ್ದರೂ ಈ ವಿಷಯ ಇತ್ಯರ್ಥವಾಗದೆ ಲಸಿಕೆ ಬರಲಿಲ್ಲ. ಇದನ್ನು ತೀರ್ಮಾನಿಸುವ ಅಧಿಕಾರ ಯಾರಿಗಿದೆ ಎಂದು ಮಾತುಕತೆಗೆ ಕೂರುವ ಮೊದಲೇ ಕೇಳಿಕೊಳ್ಳಿ.

ಹಣ ಯಾವಾಗ ಕೊಟ್ಟಿರಿ ಎಂಬುದೇ ಸರದಿ

ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡವರಿಗೇ ಮೊದಲು ಬಡಿಸುತ್ತಾರೆ. ಅಮೆರಿಕ 2020ರ ಮೇನಲ್ಲೇ ಆಸ್ಟ್ರಾಜೆನೆಕಾಗೆ 120 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು. ಭಾರತ ಸರ್ಕಾರ ಅದೇ ಲಸಿಕೆಯ ಸೀರಂ ತಯಾರಿಕೆಯಾದ ಕೋವಿಶೀಲ್ಡ್‌ಗೆ ಮೊದಲ ಆರ್ಡರ್ ಕೊಟ್ಟದ್ದು 2021ರ ಜನವರಿ 11ರಂದು: 1.1 ಕೋಟಿ ಡೋಸ್, ತೆರಿಗೆ ಬಿಟ್ಟು ತಲಾ 200 ರೂಪಾಯಿ. ಲಸಿಕೆ ಫಲಿಸದಿದ್ದರೆ ಹಣ ಮುಳುಗುತ್ತದೆ ಎಂಬ ಅಳುಕು ಸಹಜ. ಹಾಗಾಗಿ ಬೇರೆ ಬೇರೆ ತಂತ್ರಜ್ಞಾನದ ಮೂರ್ನಾಲ್ಕು ಲಸಿಕೆಗಳ ಮೇಲೆ ಹಣ ಹಂಚಿ, ಒಂದೆರಡು ಮುಳುಗುತ್ತವೆ ಎಂದು ಬಜೆಟ್ಟಿನಲ್ಲೇ ಒಪ್ಪಿಕೊಳ್ಳಿ. ಆಡಿಟ್‌ಗೆ ಉತ್ತರ ಕೊಡಬೇಕಾದವರು ಈ ಒಪ್ಪಿಗೆಯನ್ನು ಸಂಪುಟದ ಟಿಪ್ಪಣಿಯಲ್ಲೇ ಬರೆಸಿಟ್ಟುಕೊಳ್ಳುವುದು ಕ್ಷೇಮ.

ರಾಜ್ಯಗಳಿಗೆ ಪ್ರತ್ಯೇಕ ಮಾತು. 2021ರ ಮೇನಲ್ಲಿ ಕರ್ನಾಟಕ 2 ಕೋಟಿ ಡೋಸಿಗೆ ಜಾಗತಿಕ ಟೆಂಡರ್ ಕರೆಯಿತು. ಪೋಲು ಕಳೆದರೆ ಸುಮಾರು 90 ಲಕ್ಷ ಜನರಿಗೆ ಸಾಲುವಷ್ಟು. ಬೇರೆ ರಾಜ್ಯಗಳೂ ಕರೆದವು. ಪಂಜಾಬ್ ನೇರವಾಗಿ ಕೇಳಿದಾಗ ಮಾಡೆರ್ನಾ, ನಮ್ಮ ವ್ಯವಹಾರ ಕೇಂದ್ರ ಸರ್ಕಾರದ ಜತೆ ಮಾತ್ರ ಎಂದುಬಿಟ್ಟಿತು. ಟೆಂಡರ್ ಎಂಬುದು ಮಾರಾಟಗಾರರು ಹೆಚ್ಚಿದ್ದಾಗಿನ ಉಪಾಯ. ಕೊಳ್ಳುವವರೇ ಮುಗಿಬಿದ್ದಿರುವಾಗ ಅದು ಮಧ್ಯವರ್ತಿಗಳನ್ನಷ್ಟೇ ಕರೆತರುತ್ತದೆ. ಅಂಥ ಹೊತ್ತಲ್ಲಿ ರಾಜ್ಯಗಳು ಒಟ್ಟಾಗಿ ಕೇಂದ್ರದ ಮೂಲಕ ಕೊಂಡು, ತಮ್ಮ ಶಕ್ತಿಯನ್ನು ಕೋಲ್ಡ್ ಚೈನ್, ಸಿರಿಂಜ್, ಸಿಬ್ಬಂದಿಗೆ ಹಾಕುವುದು ಲೇಸು.

ಬಂದ ಡೋಸಿನ ಆಯಸ್ಸು

ಮಲಾವಿಗೆ 2021ರ ಮಾರ್ಚ್ 26ರಂದು ಬಂದ 1,02,000 ಡೋಸ್‌ಗಳ ವಾಯಿದೆ ಏಪ್ರಿಲ್ 13ಕ್ಕೆ ಮುಗಿಯುತ್ತಿತ್ತು, ಅಂದರೆ 18 ದಿನ. ಉಳಿದ 19,610 ಡೋಸ್‌ಗಳನ್ನು ಮೇ 19ರಂದು ಸುಟ್ಟರು. ಸ್ವದೇಶದ ಹಿತ ನೋಡಿಕೊಂಡ ಮೇಲೆ ಮಿಕ್ಕದ್ದನ್ನು ಕಳುಹಿಸುವವರ ದಾನ ಹೀಗೇ ಇರುತ್ತದೆ. ಆಫ್ರಿಕಾದ ಸಂಸ್ಥೆಗಳು ಮತ್ತು ಬಡ ದೇಶಗಳಿಗೆ ಲಸಿಕೆ ಹಂಚುತ್ತಿದ್ದ ಅಂತರರಾಷ್ಟ್ರೀಯ ವ್ಯವಸ್ಥೆ ಕೋವ್ಯಾಕ್ಸ್ ಆ ನವೆಂಬರ್‌ನಲ್ಲಿ ಕೇಳಿದ ಕನಿಷ್ಠ ಮಿತಿಯನ್ನೇ ನೀವೂ ಹಿಡಿಯಿರಿ: ದೇಶ ತಲುಪಿದ ದಿನ 10 ವಾರ ಬಾಕಿ ಇರಬೇಕು. ಕಡಿಮೆ ಇದ್ದರೆ ದಾನವಾದರೂ ಬೇಡ ಎನ್ನುವ ಹಕ್ಕು ಕರಾರಿನಲ್ಲಿರಲಿ.

ನೀವೇ ತಡೆಯುವ ಸ್ಥಾನದಲ್ಲಿದ್ದರೆ

ರಫ್ತು ತಡೆಯಲೇಬೇಕಾದ ಸ್ಥಿತಿ ಬರಬಹುದು. ಎರಡನೇ ಅಲೆಯ ನಡುವೆ ಯಾವ ಸರ್ಕಾರವೂ ತನ್ನ ಜನರ ಮುಂದೆ ಬೇರೆ ಉತ್ತರ ಕೊಡಲಾರದು. ಆಗಲೂ ಲಿಖಿತ ಆದೇಶ ಹೊರಡಿಸಿ, ಮುಗಿಯುವ ದಿನಾಂಕ ಹಾಕಿ, ಡಬ್ಲ್ಯುಟಿಒಗೆ ತಿಳಿಸಿ. ಹೊರಗೆ ಮೊದಲ ಡೋಸ್ ಪಡೆದವರ ಎರಡನೇ ಡೋಸಿಗೆ ವಿನಾಯಿತಿ ಕೊಡಿ. ಯುರೋಪಿನ ನಿಯಮ ಕೋವ್ಯಾಕ್ಸ್ ಸರಕಿಗೆ ಮೊದಲೇ ವಿನಾಯಿತಿ ಇಟ್ಟಿತ್ತು. ಕಚ್ಚಾ ಸಾಮಗ್ರಿಯ ಮೇಲೆ ಮಾತ್ರ ಕೈ ಹಾಕಬೇಡಿ. ನೀವು ಫಿಲ್ಟರ್ ತಡೆದರೆ ನಿಮಗೆ ಚೀಲ ಕೊಡುವವನು ಅದನ್ನು ತಡೆಯುತ್ತಾನೆ, ಎರಡೂ ಕಡೆ ಬ್ಯಾಚ್ ನಿಲ್ಲುತ್ತದೆ.

2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ ಮಹಾಮಾರಿ ಒಪ್ಪಂದದಲ್ಲಿ, ಸೇರಿಕೊಂಡ ತಯಾರಕರು ಉತ್ಪಾದನೆಯ ಶೇ 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಗೆ ಸಿಗುವಂತೆ ಮಾಡುವ ಗುರಿ ಇದೆ. ಅದರಲ್ಲಿ, ಉತ್ಪಾದನೆಯ ಕನಿಷ್ಠ ಶೇ 10ರಷ್ಟು ದಾನವಾಗಿ. ಅದು ಜಾರಿಗೆ ಬರಲು 60 ದೇಶಗಳ ಅನುಮೋದನೆ ಬೇಕು. ನಿಮ್ಮ ಲೆಕ್ಕದ ಹಾಳೆಯಲ್ಲಿ ಅದಕ್ಕೊಂದು ಕಾಲಂ ಇಡಿ, ಅದು ಜಾರಿಯಾಗುವವರೆಗೆ ಅಲ್ಲಿ ಸೊನ್ನೆ ಬರೆಯಿರಿ.