ಬೆರಳಲ್ಲಿ ಕೆರೆಯುವ ಕಾವಿ

ಇಪ್ಪತ್ತು ವರ್ಷ ನಿಬ್ಬು, ಇಂಡಿಯನ್ ಇಂಕಿನಲ್ಲೇ ಚಿತ್ರ ಬಿಡಿಸಿದವಳು ನಾನು. ಮಕ್ಕಳ ಕತೆಗಳು, ಯಕ್ಷಗಾನದ ಕರಪತ್ರ, ಮದುವೆ ಕರೆಯೋಲೆ, ಏನೇ ಬಂದರೂ ಕಾಗದದ ಮೇಲೆ. ಪೆನ್ ಟ್ಯಾಬ್ಲೆಟ್, ಅಂದರೆ ಪೆನ್ನಿನಲ್ಲಿ ಬರೆದದ್ದು ಕಂಪ್ಯೂಟರ್ ಪರದೆ ಮೇಲೆ ಮೂಡುವ ಹಲಗೆ, ತಂದ ಮೊದಲ ತಿಂಗಳು ಒಂದು ವೃತ್ತವೂ ದುಂಡಗೆ ಬರಲಿಲ್ಲ. ಕೈ ಮೇಜಿನ ಮೇಲೆ, ಕಣ್ಣು ಪರದೆ ಮೇಲೆ, ಅದಕ್ಕೇ ಹೀಗೆ ಅಂದುಕೊಂಡಿದ್ದೆ. ಕಾರಣ ಬೇರೆ ಇತ್ತು. ಟ್ಯಾಬ್ಲೆಟ್ಟಿನ ಉದ್ದ ಅಗಲದ ಅನುಪಾತ ಮಾನಿಟರಿನದಕ್ಕೆ ಹೊಂದದಿದ್ದರೆ ದುಂಡಗೆ ಬರೆದದ್ದು ಮೊಟ್ಟೆಯಾಗುತ್ತದೆ. ಹೊಸಬರು ಚಂದದ ಬ್ರಶ್ ಹುಡುಕುವ ಮೊದಲು ಈ ಸೆಟ್ಟಿಂಗ್ ನೋಡಿಕೊಳ್ಳಿ.

ನಾನು ಕಲಿತದ್ದು ಕ್ರಿಟಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ, ಅದು ಪೂರ್ತಿ ಉಚಿತ. ಲೇಯರ್ (ಒಂದರ ಮೇಲೊಂದು ಇಡುವ ಚಿತ್ರದ ಪದರ), ಮಾಸ್ಕ್ (ಪದರದ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಅಂತ ಹೇಳುವ ಮುಸುಕು) ಅನ್ನೋದು ಮಾತ್ರ ಎಷ್ಟು ವಿಡಿಯೋ ನೋಡಿದರೂ ತಲೆಗೆ ಹತ್ತಲಿಲ್ಲ. ಹತ್ತಿದ್ದು ನಮ್ಮ ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ, ಗೋಡೆಯ ಕಾವಿ ಚಿತ್ರಗಳ ಎದುರು ನಿಂತಾಗ. ಕಾವಿ ಕಲೆಯಲ್ಲಿ ಮೊದಲು ಬಿಳಿ ಸುಣ್ಣದ ಗಾರೆ, ಅದರ ಮೇಲೆ ಕೆಂಪು ಕಾವಿಯ ತೆಳು ಪದರ, ಅದು ಹಸಿ ಇರುವಾಗಲೇ ಚೂಪು ಮೊನೆಯಿಂದ ಬೇಡದ ಕೆಂಪನ್ನು ಕೆರೆದು ತೆಗೆದರೆ ಅಡಿಯ ಬಿಳಿ ಕಾಣಿಸಿ ಚಿತ್ರ ಮೂಡುತ್ತದೆ. ಎರಡು ಲೇಯರ್, ಒಂದು ಮಾಸ್ಕ್, ಅಷ್ಟೇ ಅಲ್ವಾ! ಚಿಕ್ಕಂದಿನಿಂದ ನೋಡಿದ ಗೋಡೆ ಅದು.

ಆ್ಯಪ್ ಮಾಡುವ ಯೋಚನೆ ಹುಟ್ಟಿದ್ದೂ ಅಲ್ಲೇ. ಪರದೆ ತುಂಬ ಕಾವಿ, ಮಗು ಬೆರಳಲ್ಲಿ ಕೆರೆದರೆ ಬಿಳಿ ಗೆರೆ ಮೂಡಬೇಕು. ಗೊಡೋ ಎಂಬ ಉಚಿತ ಗೇಮ್ ಎಂಜಿನ್, ಅಂದರೆ ಆಟ ಕಟ್ಟುವ ತಂತ್ರಾಂಶ, ಹಿಡಿದೆ. ಬೆರಳು ತಾಗಿದಲ್ಲೆಲ್ಲ ಕೆಂಪು ಪದರವನ್ನು ಪಾರದರ್ಶಕ ಮಾಡು ಅಂತ ಕೋಡ್ ಬರೆದೆ. ನಿಧಾನ ಎಳೆದರೆ ಚಂದದ ಗೆರೆ, ಬೇಗ ಎಳೆದರೆ ಬರೀ ಚುಕ್ಕಿ ಸಾಲು! ಬೆರಳು ಎಲ್ಲಿದೆ ಅಂತ ಫೋನ್ ಬಿಟ್ಟು ಬಿಟ್ಟು ಹೇಳುತ್ತದೆ, ನಡುವಿನ ದಾರಿಯನ್ನು ನಾವೇ ತುಂಬಬೇಕು. ಹಿಂದಿನ ಚುಕ್ಕಿಗೂ ಈಗಿನ ಚುಕ್ಕಿಗೂ ಗೆರೆ ಜೋಡಿಸಿದ ಮೇಲೆ ಸರಿಹೋಯಿತು.

ಆಮೇಲೆ ಅಣ್ಣನ ಹಳೇ ಫೋನಿನಲ್ಲಿ ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿತು. ತಪ್ಪು ನನ್ನ ಕಾಗದದ ಅಭ್ಯಾಸದ್ದು. ಅಚ್ಚಿಗೆ ಕಳಿಸುವಂತೆ ಎ4 ಅಳತೆ, 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ), ಅಂದರೆ 2480 × 3508 ಪಿಕ್ಸೆಲ್ ಇಟ್ಟಿದ್ದೆ. ಫೈಲ್ ಸಣ್ಣದೇ, ಆದರೆ ತೆರೆದಾಗ ಒಂದೊಂದು ಪಿಕ್ಸೆಲ್ಲಿಗೂ 4 ಬೈಟ್ ಬೇಕು, ಒಂದು ಲೇಯರಿಗೇ ಸುಮಾರು 35 ಎಂಬಿ, ಅಂಥ ಹಲವು ಚಿತ್ರ ಒಟ್ಟಿಗೆ ತೆರೆದುಕೊಳ್ಳುತ್ತಿದ್ದವು. 1080 × 1920ಕ್ಕೆ ಇಳಿಸಿದೆ, 8 ಎಂಬಿ ಚಿಲ್ಲರೆ ಆಯಿತು. ಗೆರೆಗಳನ್ನು ಕುಗ್ಗಿಸದೆ ಹೊಸದಾಗಿ ದಪ್ಪಗೆ ಬರೆದೆ. ಕೆಲಸ ಜಾಸ್ತಿ, ಆದರೆ ಸಣ್ಣ ಪರದೆಗೆ ಬೇರೆಯದೇ ಗೆರೆ ಬೇಕು.

ಪ್ಲೇ ಸ್ಟೋರಿಗೆ ಒಂದೇ ಸಲ 25 ಡಾಲರ್ ಕಟ್ಟಿದೆ. ನನ್ನಂತೆ ಹೊಸದಾಗಿ ಸ್ವಂತ ಹೆಸರಲ್ಲಿ ಖಾತೆ ತೆರೆದವರು ಆ್ಯಪ್ ಎಲ್ಲರಿಗೂ ಬಿಡುವ ಮೊದಲು 12 ಜನರಿಂದ ಸತತ 14 ದಿನ ಅದರ ಪರೀಕ್ಷೆ ಮಾಡಿಸಬೇಕು. ನೆಂಟರು, ನೆರೆಯವರು ಸೇರಿ ಲೆಕ್ಕ ತುಂಬಿಸಿದರು.

ಕೆರೆದದ್ದನ್ನು ರದ್ದು ಮಾಡುವ ಬಟನ್ ಬೇಕೆಂದೇ ಇಟ್ಟಿರಲಿಲ್ಲ. ಗೋಡೆಯಲ್ಲಿ ಕೆರೆದದ್ದು ಕೆರೆದದ್ದೇ. ಅಣ್ಣನ ಮಗಳು ಮೊದಲ ದಿನವೇ ಪೂರ್ತಿ ಕೆರೆದು, "ಅತ್ತೆ, ಕಾವಿನೇ ಖಾಲಿ ಆತು!" ಅಂದಳು. ಅವಳಿಗಾಗಿ "ಮತ್ತೆ ಕಾವಿ ಬಳಿ" ಅಂತ ಒಂದು ಬಟನ್ ಸೇರಿಸಿದೆ. ಒತ್ತಿದರೆ ಇಡೀ ಗೋಡೆ ಕೆಂಪಾಗುತ್ತದೆ, ಮೊದಲಿಂದ ಕೆರೆಯಬೇಕು.